ಮಿದುಳಿನ ಗ್ಲುಟಮೇಟ್, ಗಾಬಾ ಅಳತೆಯನ್ನು ಎಷ್ಟು ನೆಚ್ಚಬಹುದು? ನಿಮ್ಮ ಸ್ಕ್ಯಾನರಿನಲ್ಲೇ ಪರೀಕ್ಷಿಸುವ ಕ್ರಮ

ಎಂಆರ್‌ಐ ಯಂತ್ರದಲ್ಲಿ ಚಿತ್ರದ ಬದಲು ಮಿದುಳಿನ ಒಂದು ಸಣ್ಣ ಚೌಕದಿಂದ (ಇದಕ್ಕೆ ವೋಕ್ಸೆಲ್ ಎನ್ನುತ್ತಾರೆ) ರಾಸಾಯನಿಕಗಳ ಸಿಗ್ನಲ್ ಹಿಡಿಯುವುದೇ ಎಂಆರ್ ಸ್ಪೆಕ್ಟ್ರೋಸ್ಕೋಪಿ, ಚಿಕ್ಕದಾಗಿ ಎಂಆರ್‌ಎಸ್. ಇವುಗಳಲ್ಲಿ ಗ್ಲುಟಮೇಟ್ ನರಕೋಶಗಳನ್ನು ಕೆರಳಿಸುವಂಥದ್ದು, ಗಾಬಾ ತಣಿಸುವಂಥದ್ದು. ಸ್ಕ್ಯಾನ್ ಮುಗಿದು ಸಾಫ್ಟ್‌ವೇರ್ ಓಡಿಸಿದರೆ ‘ಗ್ಲುಟಮೇಟ್ 9.12, ಗಾಬಾ 1.47’ ಎಂದು ಎರಡು ದಶಮಾಂಶದವರೆಗೆ ಅಂಕಿ ಬರುತ್ತದೆ. ಆ ಎರಡನೇ ದಶಮಾಂಶಕ್ಕೆ ಅರ್ಥವಿದೆಯೇ, ಮೊದಲನೆಯದಕ್ಕಾದರೂ ಇದೆಯೇ ಎಂಬುದನ್ನು ಯಂತ್ರ ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಅದೇ ವ್ಯಕ್ತಿಯನ್ನು ಮೇಜಿನಿಂದ ಇಳಿಸಿ, ಮತ್ತೆ ಮಲಗಿಸಿ, ಮತ್ತೆ ಅಳೆಯಬೇಕು. ರೋಗಿಗಳನ್ನು ಸೇರಿಸಿಕೊಳ್ಳುವ ಮೊದಲೇ ಈ ಕೆಲಸ ಆಗಬೇಕು. ಅಧ್ಯಯನ ಅರ್ಧಕ್ಕೆ ಬಂದ ಮೇಲೆ ಅಳತೆ ನಡುಗುತ್ತಿದೆ ಎಂದು ಗೊತ್ತಾದರೆ ಸರಿಪಡಿಸಲು ದಾರಿಯೇ ಉಳಿದಿರುವುದಿಲ್ಲ.

ಕೆಳಗಿನ ಕ್ರಮ 3 ಟೆಸ್ಲಾ ಯಂತ್ರಕ್ಕೆ, ಒಂದೇ ವೋಕ್ಸೆಲ್‌ನ ಹೈಡ್ರೋಜನ್ ಎಂಆರ್‌ಎಸ್‌ಗೆ ಹೊಂದುವಂಥದ್ದು. ಪ್ರತಿ ರಾಸಾಯನಿಕದ ಸಿಗ್ನಲ್ ಸ್ಪೆಕ್ಟ್ರಮ್ ಎಂಬ ಗೆರೆಯಲ್ಲಿ ತನ್ನ ಫ್ರೀಕ್ವೆನ್ಸಿಯ ಜಾಗದಲ್ಲಿ ಪೀಕ್ ಆಗಿ ಏಳುತ್ತದೆ. ಆ ಜಾಗವನ್ನು ಪಿಪಿಎಂನಲ್ಲಿ ಹೇಳುತ್ತಾರೆ. 3 ಟೆಸ್ಲಾದಲ್ಲಿ 1 ಪಿಪಿಎಂ ಎಂದರೆ ಸುಮಾರು 128 ಹರ್ಟ್ಜ್. ಮುಂದಿನ ಹರ್ಟ್ಜ್ ಲೆಕ್ಕಗಳೆಲ್ಲ ಇದರ ಮೇಲೆಯೇ ನಿಂತಿವೆ.

ಏಕೆ ಇಷ್ಟು ಕಷ್ಟ

ಮಿದುಳಿನಲ್ಲಿ ನೀರು ಹತ್ತಾರು ಸಾವಿರ ಮಿಲಿಮೋಲಾರ್ ಇದೆ. ಎನ್‌ಎಎ (ಎನ್-ಅಸಿಟೈಲ್ ಆಸ್ಪಾರ್ಟೇಟ್, ಮುಖ್ಯವಾಗಿ ನರಕೋಶಗಳಲ್ಲಿರುವ ರಾಸಾಯನಿಕ), ಗ್ಲುಟಮೇಟ್‌ಗಳು ಸುಮಾರು ಹತ್ತರ ಆಸುಪಾಸು. ಗಾಬಾ ಒಂದೆರಡು ಮಿಲಿಮೋಲಾರ್ ಮಾತ್ರ. ನೀರಿನ ಸಿಗ್ನಲ್ ಅಡಗಿಸಿದ ಮೇಲೂ ಗಾಬಾದ 3.0 ಪಿಪಿಎಂ ಪೀಕ್, ಅದಕ್ಕಿಂತ ಎಷ್ಟೋ ಎತ್ತರದ ಕ್ರಿಯಾಟಿನ್ ಪೀಕ್‌ನ ಅಡಿಯಲ್ಲೇ ಹೂತಿರುತ್ತದೆ. ಗ್ಲುಟಮೇಟ್ ಮತ್ತು ಗ್ಲುಟಮಿನ್ 2.1ರಿಂದ 2.5 ಪಿಪಿಎಂ ನಡುವೆ ಒಂದರ ಮೇಲೊಂದು ಬೀಳುತ್ತವೆ. ಇವನ್ನು ಬೇರ್ಪಡಿಸುವುದು, ಗೊತ್ತಿರುವ ಪೀಕ್ ಮಾದರಿಗಳನ್ನು ಹೊಂದಿಸಿ ನೋಡುವ ಫಿಟ್ಟಿಂಗ್ ಸಾಫ್ಟ್‌ವೇರ್. ಅಂದರೆ ನಮ್ಮ ಕೈಗೆ ಬರುವ ಅಂಕಿ ನೇರ ಅಳತೆಯಲ್ಲ, ಒಂದು ಅಂದಾಜು. ಎಲ್ಲ ರಾಸಾಯನಿಕಕ್ಕೂ ಒಂದೇ ಮಟ್ಟದ ವಿಶ್ವಾಸಾರ್ಹತೆ ಇರುವುದೂ ಇಲ್ಲ. ಎನ್‌ಎಎ (2.01 ಪಿಪಿಎಂ), ಕ್ರಿಯಾಟಿನ್ (3.03), ಕೋಲಿನ್ (3.2) ಒಂಟಿ ಪೀಕ್‌ಗಳಾಗಿ ಎದ್ದು ನಿಲ್ಲುವುದರಿಂದ ಚೆನ್ನಾಗಿ ಮರುಕಳಿಸುತ್ತವೆ. ಮಯೋ-ಇನೋಸಿಟಾಲ್ ಮತ್ತು ಗ್ಲುಟಮೇಟ್ ನಡುವಿನವು. ಗ್ಲುಟಮಿನ್, ಗಾಬಾ ಕೊನೆಯವು. ‘ನಮ್ಮ ಎಂಆರ್‌ಎಸ್ ವಿಶ್ವಾಸಾರ್ಹ’ ಎಂದು ಒಟ್ಟಾರೆ ಹೇಳುವ ಮಾತಿಗೆ ಅರ್ಥವಿಲ್ಲ. ಯಾವ ರಾಸಾಯನಿಕ, ಮಿದುಳಿನ ಯಾವ ಜಾಗ, ಯಾವ ಸೀಕ್ವೆನ್ಸ್ (ಯಂತ್ರ ಪಲ್ಸ್ ಕೊಡುವ ಕ್ರಮ) ಎಂಬುದನ್ನು ಸೇರಿಸಿಯೇ ಹೇಳಬೇಕು.

ಮೊದಲು ಫ್ಯಾಂಟಮ್

ಮನುಷ್ಯರನ್ನು ಮಲಗಿಸುವ ಮುಂಚೆ ಯಂತ್ರ ತಾನೇ ಎಷ್ಟು ಸ್ಥಿರ ಎಂದು ನೋಡಬೇಕು. ಕಂಪನಿಯ ಫ್ಯಾಂಟಮ್ (ಮಿದುಳಿನ ರಾಸಾಯನಿಕಗಳ ದ್ರಾವಣ ತುಂಬಿದ ಬಾಟಲಿ) ಇದ್ದರೆ ಸಾಕು. ಇಲ್ಲದಿದ್ದರೆ ಪ್ರಯೋಗಾಲಯದಲ್ಲೇ ಮಾಡಿಕೊಳ್ಳಬಹುದು. ಒಂದು ಲೀಟರ್ ದ್ರಾವಣಕ್ಕೆ ಎನ್‌ಎಎ 12.5 ಮಿಲಿಮೋಲ್ (2.19 ಗ್ರಾಂ), ಕ್ರಿಯಾಟಿನ್ ಮೊನೊಹೈಡ್ರೇಟ್ 10 ಮಿಲಿಮೋಲ್ (1.49 ಗ್ರಾಂ), ಕೋಲಿನ್ ಕ್ಲೋರೈಡ್ 3 ಮಿಲಿಮೋಲ್ (0.42 ಗ್ರಾಂ), ಮಯೋ-ಇನೋಸಿಟಾಲ್ 7.5 ಮಿಲಿಮೋಲ್ (1.35 ಗ್ರಾಂ), ಗ್ಲುಟಮಿಕ್ ಆಮ್ಲ 12.5 ಮಿಲಿಮೋಲ್ (1.84 ಗ್ರಾಂ), ಲಿಥಿಯಂ ಲ್ಯಾಕ್ಟೇಟ್ 5 ಮಿಲಿಮೋಲ್ (0.48 ಗ್ರಾಂ). ಬಫರ್‌ಗಾಗಿ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 50 ಮಿಲಿಮೋಲ್ (6.8 ಗ್ರಾಂ). ಸೋಡಿಯಂ ಹೈಡ್ರಾಕ್ಸೈಡನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತಾ ಪಿಎಚ್ 7.2ಕ್ಕೆ ತನ್ನಿ. ಪುಸ್ತಕದ ಲೆಕ್ಕವನ್ನು ನೆಚ್ಚದೆ ಪಿಎಚ್ ಮೀಟರ್ ಇಟ್ಟೇ ಮಾಡಿ. ಪಿಎಚ್ ಸರಿದರೆ ಪೀಕ್‌ಗಳ ಜಾಗವೂ ಸರಿಯುತ್ತದೆ. ಬೂಷ್ಟು ಹಿಡಿಯದಿರಲು ಸೋಡಿಯಂ ಅಜೈಡ್ ಶೇ. 0.1, ಅಂದರೆ ಲೀಟರಿಗೆ 1 ಗ್ರಾಂ.

ಅಜೈಡ್ ಕಡು ವಿಷ. ಆಮ್ಲದೊಂದಿಗೆ ಸೇರಿದರೆ ಅಪಾಯದ ಅನಿಲ ಬಿಡುತ್ತದೆ, ಆದ್ದರಿಂದ ಪಿಎಚ್ ಸರಿಯಾದ ಮೇಲೆಯೇ ಕೊನೆಗೆ ಹಾಕಬೇಕು. ಸೀಸ ಅಥವಾ ತಾಮ್ರದ ಕೊಳವೆಯಲ್ಲಿ ಸ್ಫೋಟಕ ಲವಣಗಳು ಕಟ್ಟಿಕೊಳ್ಳುವುದರಿಂದ ಸಿಂಕಿಗೆ ಸುರಿಯಲೇಬೇಡಿ. ಕೈಗವಸು, ಫ್ಯೂಮ್ ಹುಡ್ ಇಲ್ಲದೆ ಮುಟ್ಟಬೇಡಿ.

ದ್ರಾವಣವನ್ನು ಗೋಳಾಕಾರದ ಬಾಟಲಿಗೆ ಗುಳ್ಳೆ ಉಳಿಯದಂತೆ ತುಂಬಿ. ಗಾಳಿಯ ಗುಳ್ಳೆ ಕಾಂತಕ್ಷೇತ್ರವನ್ನು ಕೆಡಿಸುತ್ತದೆ. ಫ್ರಿಜ್‌ನಲ್ಲಿ ಇಡುವುದಾದರೆ ಹಿಂದಿನ ದಿನವೇ ಹೊರತೆಗೆದು ಸ್ಕ್ಯಾನರ್ ಕೋಣೆಯಲ್ಲಿಡಿ. ಒಳಭಾಗ ತಣ್ಣಗಿದ್ದರೆ ಶಿಮ್ (ಕಾಂತಕ್ಷೇತ್ರವನ್ನು ಒಂದೇ ಸಮ ಮಾಡುವ ಹೊಂದಾಣಿಕೆ) ಕೂರುವುದಿಲ್ಲ, ಏಕೆಂದರೆ ನೀರಿನ ಪೀಕ್ ಪ್ರತಿ ಡಿಗ್ರಿಗೆ ಸುಮಾರು 0.01 ಪಿಪಿಎಂ ಸರಿಯುತ್ತದೆ. ಮೇಜಿನ ಮೇಲಿಟ್ಟ ಮೇಲೆ ಒಳಗಿನ ನೀರಿನ ಅಲುಗಾಟ ನಿಲ್ಲಲು ಹದಿನೈದು ನಿಮಿಷ ಬಿಡಿ. ನಂತರ ವಾರಕ್ಕೊಮ್ಮೆ ಒಂದೇ ಜಾಗದಲ್ಲಿ 20×20×20 ಮಿ.ಮೀ. ವೋಕ್ಸೆಲ್, ಪ್ರೆಸ್ ಸೀಕ್ವೆನ್ಸ್, ಟಿಇ (ಪಲ್ಸ್ ಕೊಟ್ಟು ಸಿಗ್ನಲ್ ಹಿಡಿಯುವವರೆಗಿನ ಸಮಯ) 30 ಮಿಲಿಸೆಕೆಂಡ್, ಟಿಆರ್ (ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಇರುವ ಸಮಯ) 2000 ಮಿಲಿಸೆಕೆಂಡ್, 64 ಆವರೇಜ್ (ಸರಾಸರಿಗೆ ಸೇರುವ ಸುತ್ತುಗಳು) ತೆಗೆದು ನೀರಿನ ಪೀಕ್ ಅಗಲ, ಎನ್‌ಎಎ ಸಿಗ್ನಲ್–ನಾಯ್ಸ್ ಅನುಪಾತ, ಕೋಣೆಯ ಉಷ್ಣತೆ, ಎನ್‌ಎಎ–ಕ್ರಿಯಾಟಿನ್ ಅನುಪಾತವನ್ನು ಒಂದು ಪಟ್ಟಿಯಲ್ಲಿ ಬರೆಯುತ್ತಾ ಹೋಗಿ. ಸಿಗ್ನಲ್ ಹಿಡಿಯುವ ಕಾಯಿಲ್‌ನ ಒಂದು ಚಾನೆಲ್ ಸತ್ತರೆ ಮೊದಲು ಸುಳಿವು ಸಿಗುವುದು ಇಲ್ಲೇ.

ಫ್ಯಾಂಟಮ್‌ನಲ್ಲಿ ಅಂಕಿ ಅಲುಗಾಡದಿದ್ದರೆ ಯಂತ್ರ ಸರಿಯಿದೆ ಎಂದಷ್ಟೇ ತಿಳಿಯಿರಿ. ಅದು ಉಸಿರಾಡುವುದಿಲ್ಲ, ತಲೆ ಅಲ್ಲಾಡಿಸುವುದಿಲ್ಲ, ಅದರಲ್ಲಿ ಪ್ರೋಟೀನಿನಂಥ ದೊಡ್ಡ ಅಣುಗಳು, ಅಂದರೆ ಮ್ಯಾಕ್ರೋಮಾಲಿಕ್ಯೂಲ್‌ಗಳಿಲ್ಲ, ಕೊಬ್ಬಿಲ್ಲ. ಫ್ಯಾಂಟಮ್‌ನ ಅಂಕಿ ತೋರಿಸಿ ಮನುಷ್ಯರಲ್ಲೂ ಅಷ್ಟೇ ನಿಖರ ಎನ್ನುವುದು ಸಲ್ಲದು.

ಮನುಷ್ಯರಲ್ಲಿ ಪರೀಕ್ಷೆ: ಮೂರು ಬಗೆಯ ಮರು ಅಳತೆ

ಕನಿಷ್ಠ 12 ಮಂದಿ ಆರೋಗ್ಯವಂತರು ಬೇಕು. 12 ಜೋಡಿ ಅಳತೆಯಿಂದ ಬರುವ ದೋಷದ ಅಂದಾಜಿಗೇ ಸುಮಾರು ಶೇ. 20ರಷ್ಟು ಅನಿಶ್ಚಿತತೆ ಇರುತ್ತದೆ. 20 ಮಂದಿಯಾದರೆ ಅದು ಶೇ. 16ರ ಹತ್ತಿರ ಇಳಿಯುತ್ತದೆ. ನಿಮ್ಮ ಮುಖ್ಯ ಅಧ್ಯಯನ ವಯಸ್ಸಾದವರ ಮೇಲಾದರೆ ಇಪ್ಪತ್ತರ ಹರೆಯದ ವಿದ್ಯಾರ್ಥಿಗಳನ್ನು ಅಳೆದು ಸುಮ್ಮನಾಗಬೇಡಿ. ವಯಸ್ಸಾದಂತೆ ಮಿದುಳು ಕುಗ್ಗಿ ವೋಕ್ಸೆಲ್‌ನಲ್ಲಿ ಸಿಎಸ್‌ಎಫ್, ಅಂದರೆ ಮಿದುಳನ್ನು ಸುತ್ತುವರಿದ ದ್ರವ, ಹೆಚ್ಚುತ್ತದೆ. ಅಳತೆಯ ನಡುಕವೂ ಜೊತೆಗೆ ಬದಲಾಗುತ್ತದೆ.

ಪ್ರತಿಯೊಬ್ಬರಿಗೂ ನಾಲ್ಕು ಅಳತೆ. ಮೊದಲನೆಯದಾದ ಮೇಲೆ ಅಲ್ಲಾಡದೆ ಮಲಗಿದ್ದಂತೆಯೇ ಎರಡನೆಯದು. ಆಮೇಲೆ ಕೆಳಗಿಳಿಸಿ, ಐದು ನಿಮಿಷ ಓಡಾಡಿಸಿ, ಮತ್ತೆ ಮಲಗಿಸಿ, ಜಾಗ ಗುರುತಿಸುವ ಮೊದಲ ಚಿತ್ರವಾದ ಲೋಕಲೈಜರ್‌ನಿಂದ ಶುರುಮಾಡಿ ಮೂರನೆಯದು. ಒಂದು ವಾರದ ನಂತರ ಅದೇ ಹೊತ್ತಿಗೆ ನಾಲ್ಕನೆಯದು. ಒಂದು–ಎರಡರ ನಡುವಿನ ವ್ಯತ್ಯಾಸದಲ್ಲಿ ಇರುವುದು ನಾಯ್ಸ್, ಫಿಟ್ಟಿಂಗ್, ಡ್ರಿಫ್ಟ್ (ಫ್ರೀಕ್ವೆನ್ಸಿ ಮೆಲ್ಲಗೆ ಸರಿಯುವುದು). ಒಂದು–ಮೂರರಲ್ಲಿ ವೋಕ್ಸೆಲ್ ಇಡುವ ಕೈಚಳಕ ಮತ್ತು ಶಿಮ್ ಸೇರುತ್ತವೆ. ಒಂದು–ನಾಲ್ಕರಲ್ಲಿ ದೇಹದ ನಿಜವಾದ ಏರಿಳಿತವೂ ಸೇರುತ್ತದೆ. ಪ್ರತಿ ಜೋಡಿಯ ವ್ಯತ್ಯಾಸಗಳ ವರ್ಗದ (ಸ್ಕ್ವೇರ್) ಸರಾಸರಿಗಳನ್ನು ಒಂದರಿಂದೊಂದು ಕಳೆದರೆ ದೋಷ ಎಲ್ಲಿಂದ ಬರುತ್ತಿದೆ ಎಂದು ಕಾಣುತ್ತದೆ. ಅಲುಗದೆ ತೆಗೆದ ಜೋಡಿಯಲ್ಲೇ ದೋಷ ದೊಡ್ಡದಿದ್ದರೆ ಆವರೇಜ್ ಹೆಚ್ಚಿಸಬೇಕು ಅಥವಾ ವೋಕ್ಸೆಲ್ ದೊಡ್ಡದು ಮಾಡಬೇಕು. ಅದು ಚಿಕ್ಕದಿದ್ದು, ಮತ್ತೆ ಮಲಗಿಸಿದಾಗ ಮಾತ್ರ ದೊಡ್ಡದಾದರೆ ಆವರೇಜ್ ಎಷ್ಟು ಏರಿಸಿದರೂ ಪ್ರಯೋಜನವಿಲ್ಲ. ಕೈಕೆಲಸವನ್ನೇ ತಿದ್ದಬೇಕು. ಬರೀ ಮೊದಲ ಜೋಡಿಯ ಅಂಕಿಯನ್ನೇ ‘ಟೆಸ್ಟ್–ರೀಟೆಸ್ಟ್’ ಎಂದು ಬರೆಯುವ ರೂಢಿ ಇದೆ. ರೋಗಿಯನ್ನು ಚಿಕಿತ್ಸೆಗೆ ಮೊದಲು ಮತ್ತು ನಂತರ ಅಳೆಯುವವರಿಗೆ ಆ ಅಂಕಿ ದಾರಿ ತಪ್ಪಿಸುತ್ತದೆ.

ಹೆಣ್ಣುಮಕ್ಕಳಲ್ಲಿ ಋತುಚಕ್ರದ ಹಂತಕ್ಕೆ ತಕ್ಕಂತೆ ಗಾಬಾ ಏರಿಳಿಯುವುದು ವರದಿಯಾಗಿದೆ. ವಾರದ ಅಂತರದ ಅಳತೆಯಲ್ಲಿ ಯಾವ ದಿನ ಎಂಬುದನ್ನು ಬರೆದಿಟ್ಟುಕೊಳ್ಳಿ.

ಸ್ಕ್ಯಾನ್ ಮಾಡುವಾಗ

ಗ್ಲುಟಮೇಟ್‌ಗೆ 20 ಮಿ.ಮೀ. ಘನ, ಅಂದರೆ 8 ಮಿ.ಲೀ. ವೋಕ್ಸೆಲ್, ಟಿಇ 30 ಮಿಲಿಸೆಕೆಂಡ್, ಟಿಆರ್ 2000 ಮಿಲಿಸೆಕೆಂಡ್, 128 ಆವರೇಜ್ ಒಳ್ಳೆಯ ಆರಂಭ. ನಿಮ್ಮ ಯಂತ್ರದಲ್ಲಿ ಸೆಮಿ-ಲೇಸರ್ ಸೀಕ್ವೆನ್ಸ್ ಇದ್ದರೆ ಪ್ರೆಸ್‌ಗಿಂತ ಅದನ್ನೇ ಆರಿಸಿ. ಕಾರಣ ಸರಳ. ಪ್ರೆಸ್‌ನ ರೀಫೋಕಸಿಂಗ್ ಪಲ್ಸ್‌ನ ಬ್ಯಾಂಡ್‌ವಿಡ್ತ್ ಸುಮಾರು 1200 ಹರ್ಟ್ಜ್ ಎನ್ನಿ. ಎನ್‌ಎಎ ಮತ್ತು ಮಯೋ-ಇನೋಸಿಟಾಲ್ ನಡುವೆ 1.5 ಪಿಪಿಎಂ, ಅಂದರೆ 192 ಹರ್ಟ್ಜ್ ಅಂತರ. 192ನ್ನು 1200ರಿಂದ ಭಾಗಿಸಿದರೆ ಶೇ. 16. ಹಾಗಾಗಿ 20 ಮಿ.ಮೀ. ವೋಕ್ಸೆಲ್‌ನಲ್ಲಿ ಈ ಎರಡು ರಾಸಾಯನಿಕಗಳು 3.2 ಮಿ.ಮೀ. ಸರಿದ ಬೇರೆ ಬೇರೆ ಚೌಕಗಳಿಂದ ಬರುತ್ತವೆ. ಪರದೆಯ ಮೇಲೆ ಕಾಣುವ ಚೌಕ ಒಂದೇ ಆದರೂ ಅಳೆಯುವ ಮಿದುಳು ಒಂದೇ ಅಲ್ಲ. ವೋಕ್ಸೆಲ್‌ನ ಅಂಚು ತಲೆಬುರುಡೆಯ ಹತ್ತಿರವಿದ್ದರೆ ನೆತ್ತಿಯ ಕೊಬ್ಬಿನ ಸಿಗ್ನಲ್ 0.9 ಮತ್ತು 1.3 ಪಿಪಿಎಂನಲ್ಲಿ ನುಗ್ಗುವುದಕ್ಕೂ ಇದೇ ಮೂಲ. ಸೆಮಿ-ಲೇಸರ್‌ನ ಪಲ್ಸ್‌ಗಳ ಬ್ಯಾಂಡ್‌ವಿಡ್ತ್ ಹೆಚ್ಚಿರುವುದರಿಂದ ಚೌಕ ಹೀಗೆ ಸರಿಯುವುದು ಕಡಿಮೆ.

ವೋಕ್ಸೆಲ್ ಚಿಕ್ಕದು ಮಾಡುವ ಆಸೆಯನ್ನು ತಡೆಯಿರಿ. ಸಿಗ್ನಲ್–ನಾಯ್ಸ್ ಅನುಪಾತ ಗಾತ್ರಕ್ಕೆ ನೇರವಾಗಿ, ಆವರೇಜ್‌ನ ವರ್ಗಮೂಲಕ್ಕೆ ತಕ್ಕಂತೆ ಬದಲಾಗುತ್ತದೆ. 20 ಮಿ.ಮೀ. ಬದಲು 15 ಮಿ.ಮೀ. ಇಟ್ಟರೆ ಗಾತ್ರ 8ರಿಂದ 3.4 ಮಿ.ಲೀ.ಗೆ ಇಳಿಯುತ್ತದೆ. ಮೊದಲಿನ ಗುಣಮಟ್ಟ ಬೇಕಾದರೆ 5.6 ಪಟ್ಟು ಹೊತ್ತು ಬೇಕು. ನಾಲ್ಕೂಕಾಲು ನಿಮಿಷದ ಸ್ಕ್ಯಾನ್ 24 ನಿಮಿಷವಾಗುತ್ತದೆ. ಅಷ್ಟು ಹೊತ್ತು ಯಾರೂ ತಲೆ ಅಲ್ಲಾಡಿಸದೆ ಇರಲಾರರು.

ಜಾಗದ ಆಯ್ಕೆಯೂ ಅಷ್ಟೇ ಮುಖ್ಯ. ಹಿಂಬದಿಯ ಸಿಂಗುಲೇಟ್, ಆಕ್ಸಿಪಿಟಲ್ ಭಾಗಗಳಲ್ಲಿ ಶಿಮ್ ಸುಲಭ. ಹಣೆಯ ಹಿಂದಿನ ಕೆಳಭಾಗ, ಹಿಪ್ಪೊಕ್ಯಾಂಪಸ್, ಅಮಿಗ್ಡಲಾ ಕಷ್ಟ. ಗಾಳಿ ತುಂಬಿದ ಸೈನಸ್‌ಗಳು, ಕಿವಿಯ ಕುಹರಗಳು ಹತ್ತಿರವಿರುವುದರಿಂದ ಅಲ್ಲಿ ಕಾಂತಕ್ಷೇತ್ರ ಒಂದೇ ಸಮ ಇರುವುದಿಲ್ಲ. ಎರಡನೇ ಹಂತದ ಶಿಮ್ ಬಳಸಿ ನೀರಿನ ಪೀಕ್ ಅಗಲವನ್ನು ನೋಡಿ. 3 ಟೆಸ್ಲಾದಲ್ಲಿ 0.1 ಪಿಪಿಎಂ, ಅಂದರೆ ಸುಮಾರು 13 ಹರ್ಟ್ಜ್ ದಾಟಿದರೆ ಸ್ಕ್ಯಾನ್ ಶುರು ಮಾಡದೆ ಮತ್ತೊಮ್ಮೆ ಶಿಮ್ ಮಾಡಿ. ಎರಡು ನಿಮಿಷ ಉಳಿಸಹೋಗಿ ಇಡೀ ಸ್ಪೆಕ್ಟ್ರಮ್ ಕಳೆದುಕೊಳ್ಳುವುದು ಇಲ್ಲಿಯೇ.

ವೋಕ್ಸೆಲ್‌ನ್ನು ಮತ್ತೆ ಅದೇ ಜಾಗದಲ್ಲಿ ಇಡುವುದು ನೋಡಿದಷ್ಟು ಸುಲಭವಲ್ಲ. ಮೂರೂ ದಿಕ್ಕಿನಲ್ಲಿ ಬರೀ 2 ಮಿ.ಮೀ. ಸರಿದರೆ 20 ಮಿ.ಮೀ. ಘನದ ಎರಡು ಅಳತೆಗಳ ನಡುವೆ ಹೊಂದಿಕೆ ಶೇ. 73ಕ್ಕೆ ಇಳಿಯುತ್ತದೆ. ಆದ್ದರಿಂದ ‘ಸಿಂಗುಲೇಟ್‌ನಲ್ಲಿ ಇಡಿ’ ಎಂಬ ಸೂಚನೆ ಸಾಲದು. ಯಾವ ಮಿಡ್‌ಲೈನ್ ಸ್ಲೈಸ್, ಕಾರ್ಪಸ್ ಕಲೋಸಮ್‌ನ ಯಾವ ತುದಿಗೆ ಸಮಾಂತರ, ಅಂಚಿನಿಂದ ಎಷ್ಟು ಮಿ.ಮೀ. ಎಂದು ಚಿತ್ರ ಸಮೇತ ಒಂದು ಪುಟದಲ್ಲಿ ಬರೆದು ಕನ್ಸೋಲ್ ಪಕ್ಕ ಅಂಟಿಸಿ. ಮೂರು ಪ್ಲೇನ್‌ಗಳ ಸ್ಕ್ರೀನ್‌ಶಾಟ್ ಉಳಿಸಿ. ಯಂತ್ರದಲ್ಲಿ ತಲೆಯ ಭಂಗಿಯನ್ನು ತಾನೇ ಹೊಂದಿಸಿಕೊಳ್ಳುವ ಸೌಲಭ್ಯ ಇದ್ದರೆ ಅದನ್ನು ಬಳಸಿ. ನಂತರ ಮಿದುಳಿನ ರಚನೆ ತೋರಿಸುವ ಟಿ1 ಚಿತ್ರದ ಮೇಲೆ ಎರಡೂ ವೋಕ್ಸೆಲ್‌ಗಳ ಮಾಸ್ಕ್ ಹಾಕಿ ಹೊಂದಿಕೆಯನ್ನು ಲೆಕ್ಕ ಹಾಕಿ, ಫಲಿತಾಂಶದ ಜೊತೆಗೇ ವರದಿ ಮಾಡಿ.

ಸೀಕ್ವೆನ್ಸ್‌ಗಳ ಸರದಿಯಲ್ಲಿ ಎಂಆರ್‌ಎಸ್ ಮೊದಲು, ಮಿದುಳಿನ ಚಟುವಟಿಕೆ ನೋಡುವ ಎಫ್‌ಎಂಆರ್‌ಐ ಮತ್ತು ನರತಂತುಗಳನ್ನು ನೋಡುವ ಡಿಟಿಐ ಆಮೇಲೆ. ಅವು ಯಂತ್ರದ ಗ್ರೇಡಿಯಂಟ್ ಕಾಯಿಲ್‌ಗಳನ್ನು ಬಿಸಿಮಾಡುತ್ತವೆ. ಆ ಬಿಸಿ ಆರುವಾಗ ಕಾಂತಕ್ಷೇತ್ರ ನಿಧಾನವಾಗಿ ಸರಿದು ಫ್ರೀಕ್ವೆನ್ಸಿ ಡ್ರಿಫ್ಟ್ ಆಗುತ್ತದೆ. ಹಿಂದಿನ ರೋಗಿಗೆ ಉದ್ದದ ಡಿಟಿಐ ಆಗಿದ್ದರೂ ಅದರ ಪರಿಣಾಮ ನಿಮ್ಮ ಸ್ಕ್ಯಾನ್‌ವರೆಗೆ ಉಳಿಯಬಹುದು. ಗ್ಯಾಡೊಲಿನಿಯಂ ಎಂಬ ಕಾಂಟ್ರಾಸ್ಟ್ ಔಷಧ ಕೊಡುವುದಿದ್ದರೆ ಎಂಆರ್‌ಎಸ್ ಮುಗಿದ ಮೇಲೆಯೇ ಕೊಡಿ.

ಕೊನೆಯ ಮಾತೊಂದು ಡೇಟಾ ಉಳಿಸುವ ಬಗ್ಗೆ: ಯಂತ್ರ ಸೇರಿಸಿ ಕೊಡುವ ಒಂದೇ ಸ್ಪೆಕ್ಟ್ರಮ್ ಸಾಲದು, ಒಂದೊಂದು ಆವರೇಜೂ ಬೇರೆಬೇರೆಯಾಗಿ ಬೇಕು. ಸೀಮೆನ್ಸ್‌ನಲ್ಲಿ ಟ್ವಿಕ್ಸ್ ಫೈಲ್, ಜಿಇಯಲ್ಲಿ ಪಿ-ಫೈಲ್ ಅದೇ ದಿನ ಎಕ್ಸ್‌ಪೋರ್ಟ್ ಮಾಡಿ, ಏಕೆಂದರೆ ಕಚ್ಚಾ ಫೈಲ್‌ಗಳು ಯಂತ್ರದಲ್ಲಿ ಬಹಳ ದಿನ ಉಳಿಯುವುದಿಲ್ಲ. ಅದೇ ವೋಕ್ಸೆಲ್‌ನಿಂದ ನೀರು ಅಡಗಿಸದ ರೆಫರೆನ್ಸ್ 8ರಿಂದ 16 ಆವರೇಜ್ ತೆಗೆಯಿರಿ. ಎಡ್ಡಿ ಕರೆಂಟ್ ತಿದ್ದಲು, ಅಂಕಿಗೆ ಅಳತೆಗೋಲಾಗಲು ಎರಡಕ್ಕೂ ಅದೇ ಬೇಕು.

ಗಾಬಾದ ವಿಷಯ ಬೇರೆ

ಗಾಬಾಕ್ಕೆ 3 ಟೆಸ್ಲಾದಲ್ಲಿ ಸಾಮಾನ್ಯವಾಗಿ ಮೆಗಾ-ಪ್ರೆಸ್ ಎಂಬ ಸೀಕ್ವೆನ್ಸ್. ಟಿಇ 68 ಮಿಲಿಸೆಕೆಂಡ್, ಎಡಿಟಿಂಗ್ ಪಲ್ಸ್ ಒಮ್ಮೆ 1.9 ಪಿಪಿಎಂನಲ್ಲಿ (ಆನ್), ಇನ್ನೊಮ್ಮೆ 7.5ರಲ್ಲಿ (ಆಫ್). ಎರಡನ್ನೂ ಕಳೆದಾಗ ಕ್ರಿಯಾಟಿನ್ ಹೊರಟುಹೋಗಿ 3.0 ಪಿಪಿಎಂನಲ್ಲಿ ಗಾಬಾ ಉಳಿಯುತ್ತದೆ. ವೋಕ್ಸೆಲ್ 30 ಮಿ.ಮೀ. ಘನ, ಅಂದರೆ 27 ಮಿ.ಲೀ., ಆವರೇಜ್ 320, ಟಿಆರ್ 2 ಸೆಕೆಂಡ್, ಸುಮಾರು 11 ನಿಮಿಷ. ಇದಕ್ಕಿಂತ ಕಡಿಮೆಗೆ ಒಪ್ಪಬೇಡಿ.

ಹೀಗೆ ಬಂದ ಸಿಗ್ನಲ್‌ನ ಹೆಚ್ಚುಕಡಿಮೆ ಅರ್ಧ ಭಾಗ ಗಾಬಾ ಅಲ್ಲ, ಮ್ಯಾಕ್ರೋಮಾಲಿಕ್ಯೂಲ್‌ಗಳದ್ದು. ಅದಕ್ಕೇ ಅದನ್ನು ‘ಗಾಬಾ ಪ್ಲಸ್’ ಎನ್ನುತ್ತಾರೆ. ಅವನ್ನು ತೆಗೆಯಲು ಎಡಿಟಿಂಗ್ ಪಲ್ಸ್‌ಗಳನ್ನು 1.9 ಮತ್ತು 1.5 ಪಿಪಿಎಂನಲ್ಲಿ, ನಡುವಿನ 1.7ಕ್ಕೆ ಎರಡೂ ಬದಿ ಸಮವಾಗಿ ಇಡುವ ವಿಧಾನವಿದೆ. ಕೇಳಲು ಚೆಂದ, ಆದರೆ ಫ್ರೀಕ್ವೆನ್ಸಿ 10 ಹರ್ಟ್ಜ್ ಸರಿದರೂ ಆ ಸಮತೋಲನ ಮುರಿದು ತೆಗೆದದ್ದೆಲ್ಲ ಮತ್ತೆ ಒಳಬರುತ್ತದೆ. 2017ರಲ್ಲಿ ಪ್ರಕಟವಾದ ‘ಬಿಗ್ ಗಾಬಾ’ ಅಧ್ಯಯನ ಜಿಇ, ಫಿಲಿಪ್ಸ್, ಸೀಮೆನ್ಸ್ ಯಂತ್ರಗಳಿದ್ದ 24 ಕೇಂದ್ರಗಳಲ್ಲಿ 272 ಆರೋಗ್ಯವಂತ ವಯಸ್ಕರನ್ನು ಅಳೆಯಿತು. ಗಾಬಾ ಪ್ಲಸ್‌ನ ಚದುರುವಿಕೆ ಶೇ. 12ರಷ್ಟಿದ್ದರೆ ಮ್ಯಾಕ್ರೋಮಾಲಿಕ್ಯೂಲ್ ತೆಗೆದದ್ದರದು ಶೇ. 28. ಗಾಬಾ ಪ್ಲಸ್‌ನ ಒಟ್ಟು ವ್ಯತ್ಯಾಸದಲ್ಲಿ ಶೇ. 72 ವ್ಯಕ್ತಿಗಳ ಮಟ್ಟದ್ದು, ಶೇ. 20 ಕೇಂದ್ರಗಳದ್ದು, ಶೇ. 8 ತಯಾರಕರದ್ದು. ಈ ಶೇ. 72ನ್ನು ಓದುವಾಗ ಎಚ್ಚರ ಬೇಕು. ಒಬ್ಬರನ್ನು ಒಮ್ಮೆ ಮಾತ್ರ ಅಳೆದಾಗ ವ್ಯಕ್ತಿವ್ಯಕ್ತಿಯ ನಿಜವಾದ ಭಿನ್ನತೆ ಮತ್ತು ಅಳತೆಯ ದೋಷ ಒಂದೇ ಗಂಟಿನಲ್ಲಿ ಇರುತ್ತವೆ. ಆ ಗಂಟನ್ನು ಬಿಚ್ಚುವುದೇ ಮರು ಅಳತೆಯ ಕೆಲಸ.

ಮೆಗಾ-ಪ್ರೆಸ್‌ನಲ್ಲಿ ಕೆಟ್ಟ ಆವರೇಜ್ ಕಿತ್ತುಹಾಕುವಾಗ ಆನ್–ಆಫ್ ಜೋಡಿಯನ್ನೇ ಕಿತ್ತುಹಾಕಿ. ಒಂದನ್ನು ಮಾತ್ರ ತೆಗೆದರೆ ಕಳೆಯುವಿಕೆ ತಪ್ಪಿ 3.2 ಪಿಪಿಎಂನಲ್ಲಿ ಕೋಲಿನ್‌ನ ಅರೆಬರೆ ಪೀಕ್ ಏಳುತ್ತದೆ. ಅದು ಕಂಡರೆ ಡ್ರಿಫ್ಟ್ ಅಥವಾ ಚಲನೆ ಆಗಿದೆ ಎಂದೇ ಅರ್ಥ.

ಫಿಟ್ಟಿಂಗ್‌ನಲ್ಲಿ ತಪ್ಪುವ ಜಾಗಗಳು

ಎಲ್‌ಸಿಮಾಡೆಲ್, ಆಸ್ಪ್ರೇ, ಎಡಿಟ್ ಮಾಡಿದ ಗಾಬಾಕ್ಕೆ ಗ್ಯಾನೆಟ್, ಯಾವುದಾದರೂ ಆಗಬಹುದು. ಆದರೆ ಒಂದನ್ನು ಆರಿಸಿದ ಮೇಲೆ ಆವೃತ್ತಿ ಸಮೇತ ಅದಕ್ಕೇ ಅಂಟಿಕೊಳ್ಳಿ. ಒಂದೇ ಡೇಟಾಗೆ ಎರಡು ಸಾಫ್ಟ್‌ವೇರ್ ಎರಡು ಉತ್ತರ ಕೊಡುತ್ತವೆ. ಬೇಸಿಸ್ ಸೆಟ್ (ಪ್ರತಿ ರಾಸಾಯನಿಕದ ಮಾದರಿ ಸ್ಪೆಕ್ಟ್ರಮ್‌ಗಳು) ನಿಮ್ಮ ಸೀಕ್ವೆನ್ಸ್, ನಿಮ್ಮ ಟಿಇಗೇ ಸಿಮ್ಯುಲೇಟ್ ಆಗಿರಬೇಕು. ಸ್ನೇಹಿತರಿಂದ ತಂದ ಟಿಇ 35ರ ಬೇಸಿಸ್ ಅನ್ನು ಟಿಇ 30ರ ಡೇಟಾಗೆ ಹಾಕಿದರೂ ಸಾಫ್ಟ್‌ವೇರ್ ದೂರುವುದಿಲ್ಲ, ತಪ್ಪು ಅಂಕಿ ಕೊಟ್ಟು ಸುಮ್ಮನಿರುತ್ತದೆ. ಪೀಕ್‌ಗಳ ಅಡಿಯ ಗೆರೆ, ಅಂದರೆ ಬೇಸ್‌ಲೈನ್, ಎಷ್ಟು ಬಳುಕಬೇಕು ಎಂಬುದೂ ಅಂಕಿಯನ್ನು ಬದಲಿಸುತ್ತದೆ. ಎಲ್‌ಸಿಮಾಡೆಲ್‌ನಲ್ಲಿ ಬೇಸ್‌ಲೈನ್ ಗಂಟುಗಳ ಅಂತರದ ಡೀಫಾಲ್ಟ್ 0.15 ಪಿಪಿಎಂ. ಅದನ್ನು ಬದಲಾಯಿಸಿದರೆ ವರದಿಯಲ್ಲಿ ಹೇಳಿ, ನಡುವೆ ಮತ್ತೆ ಬದಲಾಯಿಸಬೇಡಿ.

ಅಂಕಿಯ ಪಕ್ಕದಲ್ಲಿ ಬರುವ ಸಿಆರ್‌ಎಲ್‌ಬಿ (ಕ್ರಾಮೆರ್–ರಾವ್ ಕೆಳಮಿತಿ) ಶೇಕಡಾವಾರನ್ನು ವಿಶ್ವಾಸಾರ್ಹತೆ ಎಂದು ತಿಳಿಯುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಮಾಡೆಲ್ ಪೂರ್ತಿ ಸರಿಯಿದೆ ಎಂದು ನಂಬಿ, ನಾಯ್ಸ್‌ನಿಂದ ಎಷ್ಟು ದೋಷ ಬರಬಹುದು ಎಂಬುದರ ಕೆಳಮಿತಿಯನ್ನಷ್ಟೇ ಅದು ಹೇಳುತ್ತದೆ. ವೋಕ್ಸೆಲ್ ಬೇರೆ ಕಡೆ ಬಿದ್ದಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ‘ಶೇ. 20 ದಾಟಿದವನ್ನು ಬಿಡಿ’ ಎಂಬ ನಿಯಮವನ್ನು ಕಣ್ಣುಮುಚ್ಚಿ ಪಾಲಿಸಬೇಡಿ. ದೋಷ 0.15 ಮಿಲಿಮೋಲಾರ್ ಎಂದಿಟ್ಟುಕೊಳ್ಳಿ. ಗಾಬಾ 1.2 ಇರುವವರಲ್ಲಿ ಅದು ಶೇ. 12.5, ಉಳಿಯುತ್ತಾರೆ. ಗಾಬಾ ನಿಜವಾಗಿಯೂ 0.6ಕ್ಕೆ ಇಳಿದವರಲ್ಲಿ ಶೇ. 25, ಹೊರಹೋಗುತ್ತಾರೆ. ನೀವು ಹುಡುಕುತ್ತಿದ್ದ ರೋಗಿಗಳನ್ನೇ ಹೀಗೆ ಎಸೆದು, ಉಳಿದವರ ಸರಾಸರಿ ಸಹಜ ಎಂದು ಬರೆದಂತಾಗುತ್ತದೆ. ಸ್ಪೆಕ್ಟ್ರಮ್ ಬಿಡಬೇಕೇ ಬೇಡವೇ ಎಂಬುದನ್ನು ಪೀಕ್ ಅಗಲ, ಸಿಗ್ನಲ್–ನಾಯ್ಸ್ ಅನುಪಾತ, ಕಣ್ಣಿಗೆ ಕಾಣುವ ಕೊಬ್ಬು ಮತ್ತು ಪ್ರೇತ ಪ್ರತಿಧ್ವನಿಗಳ (ಬೇಡದ ಜಾಗದಿಂದ ಬರುವ ಸುಳ್ಳು ಸಿಗ್ನಲ್‌ಗಳ) ಮೇಲೆ ತೀರ್ಮಾನಿಸಿ. ನೋಡುವವರಿಗೆ ಯಾರು ರೋಗಿ, ಯಾರು ಅಲ್ಲ ಎಂಬುದು ತಿಳಿದಿರಬಾರದು.

ಕ್ರಿಯಾಟಿನ್‌ಗೆ ಅನುಪಾತ ಹಾಕಿದರೆ ಸಿಎಸ್‌ಎಫ್ ಸಮಸ್ಯೆ ಬಹುಪಾಲು ತಪ್ಪುತ್ತದೆ, ಆದರೆ ಕ್ರಿಯಾಟಿನ್ ತಾನೇ ಬದಲಾದರೆ ಗೊತ್ತಾಗುವುದಿಲ್ಲ. ನೀರಿಗೆ ಹೋಲಿಸಿದರೆ ಟಿ1 ಚಿತ್ರದಿಂದ ಗ್ರೇ ಮ್ಯಾಟರ್, ವೈಟ್ ಮ್ಯಾಟರ್, ಸಿಎಸ್‌ಎಫ್ ಪ್ರಮಾಣ ತೆಗೆದು ತಿದ್ದಲೇಬೇಕು. ಅವುಗಳ ನೀರಿನ ಅಂಶಕ್ಕೆ ಸಾಮಾನ್ಯವಾಗಿ ಕ್ರಮವಾಗಿ 0.78, 0.65, 0.97 ಬಳಸುತ್ತಾರೆ. ಸಿಎಸ್‌ಎಫ್‌ನಲ್ಲಿ ಈ ರಾಸಾಯನಿಕಗಳು ನಗಣ್ಯ. ಮೊದಲ ಅಳತೆಯಲ್ಲಿ ಸಿಎಸ್‌ಎಫ್ ಶೇ. 10, ಎರಡನೆಯದರಲ್ಲಿ ಶೇ. 20 ಇದ್ದರೆ, ಮಿದುಳಿನಲ್ಲಿ ಏನೂ ಬದಲಾಗದಿದ್ದರೂ ಗ್ಲುಟಮೇಟ್ ಸಿಗ್ನಲ್ ಶೇ. 11 ಇಳಿಯುತ್ತದೆ. ಕ್ರಿಯಾಟಿನ್ ಅನುಪಾತ, ನೀರಿಗೆ ಹೋಲಿಸಿದ ಅಂಕಿ ಎರಡನ್ನೂ ಲೆಕ್ಕ ಹಾಕಿ, ಎರಡೂ ಒಂದೇ ಕಡೆ ಬೆರಳು ತೋರಿಸುತ್ತವೆಯೇ ನೋಡಿ.

ಲೆಕ್ಕ

ಪ್ರತಿಯೊಬ್ಬರ ಎರಡು ಅಳತೆಗಳ ವ್ಯತ್ಯಾಸ ತೆಗೆಯಿರಿ. ಆ ವ್ಯತ್ಯಾಸಗಳ ಸರಾಸರಿ ಸೊನ್ನೆಯಿಂದ ದೂರವಿದ್ದರೆ ಏನೋ ಒಂದೇ ದಿಕ್ಕಿಗೆ ಸರಿಯುತ್ತಿದೆ, ಸಾಮಾನ್ಯವಾಗಿ ಡ್ರಿಫ್ಟ್. ನಂತರ ಅವುಗಳ ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಶನ್), ಅಂದರೆ ಸರಾಸರಿಯ ಸುತ್ತ ಅವು ಎಷ್ಟು ಚದುರಿವೆ ಎಂಬ ಅಳತೆ. ಉದಾಹರಣೆಗೆ ಗ್ಲುಟಮೇಟ್ ಸರಾಸರಿ 9, ವ್ಯತ್ಯಾಸಗಳ ಎಸ್‌ಡಿ 0.8 ಮಿಲಿಮೋಲಾರ್ ಎಂದುಕೊಳ್ಳಿ. ಅದನ್ನು 1.41ರಿಂದ (2ರ ವರ್ಗಮೂಲ) ಭಾಗಿಸಿದರೆ ಒಬ್ಬರೊಳಗಿನ ಎಸ್‌ಡಿ 0.57, ಅಂದರೆ ಶೇ. 6.3. ಕೇಳಲು ಚೆನ್ನಾಗಿದೆ. ಈಗ 0.8ನ್ನು 1.96ರಿಂದ ಗುಣಿಸಿ: 1.57. ಒಬ್ಬ ರೋಗಿಯ ಗ್ಲುಟಮೇಟ್ ಚಿಕಿತ್ಸೆಯ ನಂತರ 1.57ಕ್ಕಿಂತ, ಅಂದರೆ ಶೇ. 17ಕ್ಕಿಂತ ಹೆಚ್ಚು ಬದಲಾದರೆ ಮಾತ್ರ ಅದು ಅಳತೆಯ ನಡುಕಕ್ಕಿಂತ ದೊಡ್ಡದು ಎನ್ನಬಹುದು. ಶೇ. 8 ಇಳಿದಿದೆ ಎಂದು ಒಬ್ಬ ವ್ಯಕ್ತಿಗೆ ಹೇಳುವುದು ಅನ್ಯಾಯ.

ಐಸಿಸಿ (ಒಟ್ಟು ಚದುರುವಿಕೆಯಲ್ಲಿ ವ್ಯಕ್ತಿಗಳ ನಡುವಿನ ನಿಜವಾದ ಭಿನ್ನತೆಯ ಪಾಲು) ಬೇರೆ ಪ್ರಶ್ನೆಗೆ ಉತ್ತರ: ಜನರನ್ನು ಒಬ್ಬರಿಂದೊಬ್ಬರನ್ನು ಬೇರ್ಪಡಿಸಲು ಈ ಅಳತೆ ಸಾಕೇ? ಮೇಲಿನ ಅದೇ ದೋಷಕ್ಕೆ, ವ್ಯಕ್ತಿಗಳ ನಡುವಿನ ನಿಜವಾದ ಎಸ್‌ಡಿ 0.7 ಇದ್ದರೆ ಐಸಿಸಿ 0.60. ಜನರೆಲ್ಲ ಹೆಚ್ಚುಕಡಿಮೆ ಒಂದೇ ತೆರನಾಗಿ ಇದ್ದು ಅದು 0.35 ಆದರೆ ಐಸಿಸಿ 0.28. ಯಂತ್ರ ಅದೇ, ದೋಷ ಅದೇ. ಅದಕ್ಕೇ ಐಸಿಸಿಯನ್ನು ಒಂಟಿಯಾಗಿ ವರದಿ ಮಾಡಬೇಡಿ. ಒಬ್ಬರೊಳಗಿನ ಎಸ್‌ಡಿ ಮತ್ತು ಅದರ ವಿಶ್ವಾಸಾಂತರ ಜೊತೆಗಿರಲಿ. ಇನ್ನೊಂದು ಪರಿಣಾಮವನ್ನೂ ನೆನಪಿಡಿ: ಗಾಬಾಕ್ಕೂ ಆತಂಕದ ಅಂಕಕ್ಕೂ ನಿಜವಾದ ಸಂಬಂಧ 0.4 ಇದ್ದು, ಗಾಬಾ ಅಳತೆಯ ಐಸಿಸಿ 0.5 ಆದರೆ ನಿಮಗೆ ಕಾಣುವುದು 0.28. ಎಷ್ಟು ಮಂದಿ ಬೇಕು ಎಂಬ ಲೆಕ್ಕವನ್ನು ಈ 0.28ರ ಮೇಲೆ ಹಾಕಬೇಕು.

ವರದಿ ಬರೆಯುವಾಗ 2021ರಲ್ಲಿ ಬಂದ ಎಂಆರ್‌ಎಸ್ ವರದಿ ಮಾನದಂಡಗಳ ಪಟ್ಟಿಯನ್ನು ಪೂರ್ತಿ ತುಂಬಿ. ಸ್ಕ್ಯಾನರ್ ಸಾಫ್ಟ್‌ವೇರ್ ಅಪ್‌ಗ್ರೇಡ್ ಆದರೆ, ಕಾಯಿಲ್ ಬದಲಾದರೆ, ಸೀಕ್ವೆನ್ಸ್‌ನ ಹೊಸ ಆವೃತ್ತಿ ಬಂದರೆ, ಫ್ಯಾಂಟಮ್ ಜೊತೆಗೆ ಹಳೆಯ ಸ್ವಯಂಸೇವಕರಲ್ಲಿ ನಾಲ್ಕೈದು ಮಂದಿಯನ್ನು ಮತ್ತೆ ಕರೆದು ಅಳೆಯಿರಿ. ಅದು ಮುಗಿಯುವವರೆಗೆ ಹೊಸ ಡೇಟಾವನ್ನು ಹಳೆಯದರ ಜೊತೆ ಒಂದೇ ಪಟ್ಟಿಗೆ ಸೇರಿಸಬೇಡಿ.